ಸಮ್ಮತ್ಯಭಾವ ಮೀಮಾಂಸೆ: ‘ಐ ಅಗ್ರೀ’ ಗುಂಡಿಯನ್ನು ಕುರಿತ ಒಂದು ತಾತ್ತ್ವಿಕ ಅಧ್ಯಯನ

ಪೀಠಿಕೆ: ಬಳಕೆದಾರ-ಕೇಂದ್ರಿತ ದತ್ತಾಂಶ-ಸಂಕಥನದ ನೆಲೆಯಲ್ಲಿ ‘ಐ ಅಗ್ರೀ’ ಎಂಬ ಗುಂಡಿಯು ಜ್ಞಾತೃ-ಜ್ಞೇಯ-ಜಾಹೀರಾತುದಾರರೆಂಬ ತ್ರಿಪುಟಿಯನ್ನು ಏಕಕಾಲಕ್ಕೆ ಸ್ಥಾಪಿಸಿ, ಉಲ್ಲಂಘಿಸಿ, ಲಾಭಕ್ಕೆ ಮಾರುವ ಬಹುಸ್ತರೀಯ ಆಗುವಿಕೆಯಾಗಿದೆ. ಈ ವಾಕ್ಯ ಅರ್ಥವಾಗದವರು ಒಪ್ಪಿದೆನೆಂದು ಮುಂದೆ ಹೋಗಬಹುದು. ಕಂಪನಿಗಳ ಗೌಪ್ಯತಾ ನೀತಿಯನ್ನು ನಾವೆಲ್ಲ ಓದಿರುವುದೂ ಹೀಗೆಯೇ. ಒಬ್ಬ ಅಮೆರಿಕನ್ ತಾನು ನೋಡುವ ತಾಣಗಳ ಇಂಥ ನೀತಿಗಳನ್ನೆಲ್ಲ ಓದಿ ಮುಗಿಸಲು ವರ್ಷಕ್ಕೆ 244 ಗಂಟೆ ಬೇಕೆಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲೇ ಲೆಕ್ಕ ಹಾಕಿದ್ದರು. ಪಿಎಚ್‌.ಡಿ. ಪ್ರಬಂಧಕ್ಕಾದರೂ ಮಾರ್ಗದರ್ಶಕನೆಂಬ ಒಬ್ಬ ಓದುಗನಿರುತ್ತಾನೆ (ಎಂದು ವದಂತಿ).

ಪೂರ್ವಪಕ್ಷ: “ನೀವೇ ತಾನೇ ಒಪ್ಪಿದ್ದು?” ಕಂಪನಿಗಳ ಏಕಮೇವ ವಾದ ಇದು. ಇದರ ಖಂಡನೆಗೆ ನೈಯಾಯಿಕರ ಮೊರೆಹೋಗಬೇಕಾಗಿದೆ. ಇಲ್ಲದಿರುವುದೂ ಒಂದು ಪದಾರ್ಥವೆಂದು ಸಾಧಿಸಿ, ಅದರಲ್ಲಿ ನಾಲ್ಕು ಬಗೆಯನ್ನೂ ಕಂಡವರು ಅವರು. ನಮ್ಮ ಒಪ್ಪಿಗೆಗೆ ಇದಕ್ಕಿಂತ ಯೋಗ್ಯ ಶಾಸ್ತ್ರ ಬೇರಿಲ್ಲ.

ಒಂದು, ಸಮ್ಮತಿಪ್ರಾಗಭಾವ. ಮಡಕೆ ಹುಟ್ಟುವ ಮೊದಲು ಮಡಕೆ ಇಲ್ಲದಿರುವುದು. ಉದಾಹರಣೆಗೆ ‘ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್’ ಎಂಬ ಆಂಡ್ರಾಯ್ಡ್ ಆ್ಯಪ್. ಫೋನಿನ ದೀಪ ಹೊತ್ತಿಸುವುದಷ್ಟೇ ಅದರ ಕೆಲಸ. ಷರತ್ತಿನ ಪುಟದಲ್ಲಿ ಒಪ್ಪುವ ಗುಂಡಿಯೂ ಇತ್ತು, ಒಲ್ಲೆನೆನ್ನುವ ಗುಂಡಿಯೂ ಇತ್ತು. ಎರಡರಲ್ಲಿ ಒಂದನ್ನು ಮುಟ್ಟುವ ಮೊದಲೇ ಬಳಕೆದಾರನಿರುವ ಜಾಗ ಮತ್ತು ಫೋನಿನ ಗುರುತು ಹೊರಗೆ ಹೊರಟಿರುತ್ತಿದ್ದವು, ಜಾಹೀರಾತು ಜಾಲಗಳನ್ನೂ ಸೇರುತ್ತಿದ್ದವು. 2013ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದನ್ನು ಹಿಡಿದು ಹಾಕಿತು. ತಾನು ಬೆಳಗುವ ಕತ್ತಲೆ ಯಾವ ಊರಿನದೆಂದು ಟಾರ್ಚಿಗೆ ಏಕೆ ತಿಳಿಯಬೇಕೆಂಬುದು ವ್ಯಾಖ್ಯಾನಕಾರರಿಗೆ ಬಿಟ್ಟ ಪ್ರಶ್ನೆ.

ಎರಡು, ಸಮ್ಮತಿಪ್ರಧ್ವಂಸಾಭಾವ. ಒಡೆದ ಮಡಕೆ, ಅಂದರೆ ಕೊಟ್ಟ ಒಪ್ಪಿಗೆಯನ್ನು ನೀವೇ ಹಿಂಪಡೆದ ಮೇಲಿನ ಸ್ಥಿತಿ. ಗೂಗಲ್‌ನ ‘ಲೊಕೇಶನ್ ಹಿಸ್ಟರಿ’ಯನ್ನು ಆಫ್ ಮಾಡಿದವರು ನೆಮ್ಮದಿಯಾಗಿದ್ದರು. ಅವರು ಓಡಾಡಿದ ಜಾಗಗಳು ‘ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ’ ಎಂಬ ಇನ್ನೊಂದು ಸೆಟ್ಟಿಂಗ್‌ನ ಮೂಲಕ ದಾಖಲಾಗುತ್ತಲೇ ಇದ್ದವು. 2018ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಬಯಲು ಮಾಡಿತು. 2022ರಲ್ಲಿ 40 ಅಮೆರಿಕನ್ ರಾಜ್ಯಗಳ ಜೊತೆ 39.15 ಕೋಟಿ ಡಾಲರಿಗೆ ರಾಜಿಯಾಯಿತು. ಮುಂಬಾಗಿಲಿಗೆ ಚಿಲಕ ಹಾಕಿಸಿ ಹಿತ್ತಿಲಿಂದ ಒಳಬರುವವನಿಗೆ ನಮ್ಮ ಕಡೆ ಒಂದು ಹೆಸರಿದೆ, ಆದರೆ ಅದು ಶಾಸ್ತ್ರೀಯವಲ್ಲ.

ಮೂರು, ಅತ್ಯಂತಾಭಾವ. ಮೂರು ಕಾಲದಲ್ಲೂ ಇಲ್ಲದ್ದು, ಮೊಲದ ಕೊಂಬು. ಫೇಸ್‌ಬುಕ್‌ಗೆ ಸೇರದವರ ಮಾಹಿತಿಯನ್ನೂ ಕಂಪನಿ ಸಂಗ್ರಹಿಸುತ್ತದೆಂದು ಮಾರ್ಕ್ ಝುಕರ್‌ಬರ್ಗ್ 2018ರ ಏಪ್ರಿಲ್‌ನಲ್ಲಿ ಅಮೆರಿಕ ಕಾಂಗ್ರೆಸ್ಸಿನ ಮುಂದೆ ಹೇಳಿದರು. ಭದ್ರತೆಗಾಗಿಯಂತೆ.

ನಾಲ್ಕು, ಅನ್ಯೋನ್ಯಾಭಾವ. ಇದರಲ್ಲಿ ಹದಿನಾರು ಉಪಭೇದ ಮಾಡಿಟ್ಟಿದ್ದೆ. ಬೇಡ, ಬಿಡಿ. ಮಡಕೆ ಬಟ್ಟೆಯಲ್ಲ, ಬಟ್ಟೆ ಮಡಕೆಯಲ್ಲ ಎಂದು ನಾನು ವಿಂಗಡಿಸುತ್ತ ಕೂತಿರುವಾಗ ಅಲ್ಲಿ ಹರಾಜು ನಡೆಯುತ್ತಿದೆ. ಅಲಂಕಾರಕ್ಕೆ ಹೇಳುತ್ತಿಲ್ಲ, ನಿಜವಾದ ಹರಾಜೇ. ನೀವೊಂದು ಪುಟ ತೆರೆದೊಡನೆ ಅದರಲ್ಲಿರುವ ಜಾಹೀರಾತಿನ ಜಾಗಕ್ಕೆ ಕಂಪ್ಯೂಟರುಗಳು ಬೆಲೆ ಕೂಗುತ್ತವೆ. ಕೂಗುವವರ ಕೈಗೆ ನಿಮ್ಮ ಫೋನಿನ ಗುರುತು, ನೀವಿರುವ ಜಾಗ, ಓದುತ್ತಿರುವ ಪುಟ ಮೊದಲೇ ತಲುಪಿರುತ್ತವೆ. ಗೆದ್ದವನಿಗೆ ಜಾಗ, ಸೋತವರಿಗೂ ನಿಮ್ಮ ವಿವರ. ಪುಟ ಪೂರ್ತಿ ಕಾಣಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಎದೆಯಲ್ಲಿ ಗಂಟು ಕೈಗೆ ಸಿಕ್ಕ ಹೆಂಗಸು ಯಾರೊಡನೆಯೂ ಹೇಳಿಕೊಳ್ಳಲಾಗದೆ ನಡುರಾತ್ರಿ ಫೋನಿನಲ್ಲಿ ಹುಡುಕುತ್ತಾಳೆ. ಮಾರನೆಯ ದಿನದಿಂದ ಆಸ್ಪತ್ರೆಗಳ ಪ್ಯಾಕೇಜು ಅವಳ ಬೆನ್ನು ಹತ್ತುತ್ತದೆ. ಗಂಡನಿಗೂ ಹೇಳದ್ದನ್ನು ಹರಾಜುಕಟ್ಟೆ ಕೇಳಿಸಿಕೊಂಡಿತು. ‘ನಿಮ್ಮ ಅನುಭವವನ್ನು ಉತ್ತಮಪಡಿಸಲು’ ಎಂದು ಇವರು ಬರೆದಿಡುವುದು ಇದನ್ನೇ. ಥೂ.

ಸಿದ್ಧಾಂತ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಆ ಮೊಕದ್ದಮೆಯಿಂದಲೇ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಹೇಳಿದ್ದು. ಆ ವಯಸ್ಸಿನಲ್ಲಿ ಕೋರ್ಟು ಹತ್ತಿ ಒಬ್ಬರು ಗೆದ್ದುಕೊಟ್ಟದ್ದನ್ನು ನಾವು ಪಿಜ್ಜಾ ಕೂಪನ್ನಿಗೆ ಬಿಟ್ಟುಕೊಡುತ್ತಿದ್ದೇವೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆಯು ಮುಕ್ತವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು ಎನ್ನುತ್ತದೆ. ಒಪ್ಪಿಗೆ ಕೇಳುವ ಸೂಚನೆ ಕನ್ನಡದಲ್ಲೂ ಸಿಗಬೇಕೆನ್ನುತ್ತದೆ. ಆ ಕನ್ನಡ ಹೇಗಿರುತ್ತದೆಂದು ತಿಳಿಯಬೇಕಾದರೆ ಈ ಪ್ರಬಂಧದ ಮೊದಲ ವಾಕ್ಯವನ್ನು ಇನ್ನೊಮ್ಮೆ ಓದಿ.

ಆ ಕನ್ನಡ ಸೂಚನೆ ಬರುವವರೆಗೆ ಒಂದು ಕೆಲಸ ಮಾಡಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಅದರೊಳಗೆ ಆ್ಯಡ್ಸ್ ಎಂಬಲ್ಲಿ ‘ಡಿಲೀಟ್ ಅಡ್ವರ್ಟೈಸಿಂಗ್ ಐಡಿ’ ಎಂದಿರುತ್ತದೆ. ಅದನ್ನು ಒತ್ತಿ. ಜಾಹೀರಾತೇನೂ ನಿಲ್ಲುವುದಿಲ್ಲ, ಹರಾಜಿಗೆ ಹೋಗುವ ಒಂದು ಗುರುತಾದರೂ ಅಳಿಯುತ್ತದೆ. ಮನೆಯ ಹಿರಿಯರ ಫೋನಿನಲ್ಲೂ ಮಾಡಿಕೊಡಿ. ಅದು ಎಲ್ಲಿದೆಯೆಂದು ಅವರಿಗೆ ಯಾವ ಕಂಪನಿಯೂ ಹೇಳುವುದಿಲ್ಲ.