ಯಂತ್ರಕ್ಕೆ ಅಕ್ಷರಾಭ್ಯಾಸ

ಕೆಂಗೇರಿಯ ಕಡೆಯ ಕಾಲೇಜೊಂದರಲ್ಲಿ, ಯಂತ್ರಕ್ಕೆ ಕಾಣುವುದನ್ನು ಕಲಿಸುವ ಕಂಪ್ಯೂಟರ್ ವಿಷನ್ ಎಂಬ ಶಾಸ್ತ್ರವನ್ನು ಬೋಧಿಸಿ ಜೀವನ ಸಾಗಿಸುವ ನನಗೆ, ಪ್ರತಿ ಸೆಮಿಸ್ಟರಿನ ಆರಂಭದಲ್ಲಿಯೂ ತಪ್ಪದೆ ಪ್ರಾಪ್ತವಾಗುವ ಧರ್ಮಸಂಕಟವೆಂದರೆ ಅಸೈನ್‌ಮೆಂಟಿನದು. ಚಿತ್ರದಲ್ಲಿರುವುದು ಬೆಕ್ಕೋ ನಾಯಿಯೋ ಎಂದು ಯಂತ್ರದಿಂದ ಹೇಳಿಸುವ ಸನಾತನ ಪ್ರಶ್ನೆಗೆ, ಸೀನಿಯರುಗಳಿಂದ ಜೂನಿಯರುಗಳಿಗೆ ಪರಂಪರಾಗತವಾಗಿ ಇಳಿದುಬಂದ ಉತ್ತರವು ಪ್ರತಿ ಪೆನ್‌ಡ್ರೈವಿನಲ್ಲಿಯೂ ವಿರಾಜಮಾನವಾಗಿದೆ. ಅಮೆರಿಕದ ಜನಗಣತಿ ನೌಕರರೂ ಹೈಸ್ಕೂಲು ಮಕ್ಕಳೂ ಬರೆದ ಅಂಕಿಗಳ 70,000 ಚಿತ್ರಗಳುಳ್ಳ ಎಮ್‌ನಿಸ್ಟ್ ಸಂಗ್ರಹದ ಗತಿಯೂ ಅದೇ.

2019ರಲ್ಲಿ ವಿನಯ್ ಉದಯ್ ಪ್ರಭು ಎಂಬವರು ಕನ್ನಡ ಅಂಕಿಗಳ ಎಮ್‌ನಿಸ್ಟನ್ನು ಪ್ರಕಟಿಸಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಬೆಂಗಳೂರಿನ 65 ಸ್ವಯಂಸೇವಕರು, ಒಬ್ಬೊಬ್ಬರೂ ದೊಡ್ಡ ಹಾಳೆಯ 1,280 ಮನೆಗಳಲ್ಲಿ, ರಾಮಕೋಟಿ ಬರೆಯುವ ಭಕ್ತರಂತೆ ೦ಯಿಂದ ೯ರವರೆಗೆ ತಿದ್ದಿ ತೀಡಿ ತುಂಬಿಸಿದ ಫಲವದು. ಆದರೆ ಅದೇ ವರ್ಷ ಕ್ಯಾಗಲ್ ಎಂಬ ಅಂತರ್ಜಾಲ ತಾಣದಲ್ಲಿ ಅದರ ಮೇಲೊಂದು ಸ್ಪರ್ಧೆಯೂ ನಡೆದು, ಉತ್ತರಗಳು ಲೋಕಕ್ಕೆಲ್ಲ ಸುಲಭವಾದುವು.

ಆದಕಾರಣ, 2009ರಷ್ಟು ಹಿಂದೆಯೇ ತಿಯೊ ದೆ ಕಾಂಪೋಸ್, ಮಾಣಿಕ್ ವರ್ಮಾ ಮೊದಲಾದವರು ನಮ್ಮ ಊರಿನ ಬೀದಿಫಲಕಗಳ ಫೋಟೋಗಳಿಂದಲೇ ಅಕ್ಷರಸಂಗ್ರಹವೊಂದನ್ನು ಕಟ್ಟಿದ್ದುದನ್ನು ನೆನೆದು, ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಗೇಟು, ಅಂಗಡಿ, ಆಟೋಗಳ ಮೇಲಿನ ಕನ್ನಡ ಅಂಕಿಗಳನ್ನು ಮೊಬೈಲಿನಲ್ಲಿ ಸೆರೆಹಿಡಿದು, ಒಂದೊಂದಕ್ಕೂ ಸರಿಯಾದ ಲೇಬಲ್ ಹಚ್ಚಿ ತರತಕ್ಕದ್ದೆಂದು ಶಿಷ್ಯವರ್ಗಕ್ಕೆ ಅಪ್ಪಣೆ ಕೊಡಿಸಿದೆ.

ಫೋಟೋ ತೆಗೆಯುವುದೇನೋ ಸಲೀಸಾಗಿ ಮುಗಿಯಿತು. ಲೇಬಲ್ ಹಚ್ಚುವಲ್ಲಿ ಕುರುಕ್ಷೇತ್ರವೇ ನಡೆಯಿತು. ಗೇಟೊಂದರ ಮೇಲೆ ಬಣ್ಣ ಉದುರಿ ಬಾಲ ಕಳೆದುಕೊಂಡ ಅಂಕಿಯೊಂದು, ಅರ್ಧ ತರಗತಿಗೆ ೬ ಆಗಿಯೂ ಉಳಿದರ್ಧಕ್ಕೆ ೯ ಆಗಿಯೂ ಗೋಚರಿಸಿತು. ಯಂತ್ರವಂತೂ ಶೇಕಡಾ 98ರ ಆತ್ಮವಿಶ್ವಾಸದಿಂದ ೯ ಎಂದು ಘೋಷಿಸಿತು. (ಇಷ್ಟು ಆತ್ಮವಿಶ್ವಾಸವನ್ನು ವೈವಾ ಪರೀಕ್ಷೆಯಲ್ಲಿ ನಾನೆಂದೂ ಕಂಡವನಲ್ಲ.) ಕೊನೆಗೆ ವಿದ್ಯಾರ್ಥಿಯೊಬ್ಬ ಆ ಚಿತ್ರವನ್ನು, ದಿನವೂ ಒಂಟಿಕೊಪ್ಪಲ್ ಪಂಚಾಂಗ ನೋಡುವ ತನ್ನ ಅಜ್ಜಿಯ ಮುಂದೆ ಹಿಡಿದನಂತೆ. ಕನ್ನಡಕವನ್ನು ಹಣೆಗೇರಿಸಿ ಆಕೆ, “ಅದು ಆರು ಕಣೋ! ಪಕ್ಕದ ಮನೆ ಐದು. ವರಮಹಾಲಕ್ಷ್ಮಿ ಹಬ್ಬಕ್ಕೆ ಅಲ್ಲಿಗೆ ಅರಿಶಿನ-ಕುಂಕುಮಕ್ಕೆ ಹೋಗ್ತೀನಲ್ಲ,” ಎಂದು ತೀರ್ಪಿತ್ತರು. ಯಂತ್ರ ಪ್ರತ್ಯಕ್ಷವೊಂದನ್ನೇ ನೆಚ್ಚಿ ಕೆಟ್ಟಿತು. ಅಜ್ಜಿ ಅನುಮಾನಪ್ರಮಾಣವನ್ನೂ ಬಲ್ಲವರು. ವರದಿಯಲ್ಲಿ ‘ಲೇಬಲಿನ ಆಧಾರ’ ಎಂಬಲ್ಲಿ ಹುಡುಗ ನಿಸ್ಸಂಕೋಚವಾಗಿ ‘ಅಜ್ಜಿ’ ಎಂದು ನಮೂದಿಸಿದ್ದ. ಪೂರ್ಣಾಂಕ ಕೊಟ್ಟೆ.

ಇದನ್ನು ಕೇಳಿದ ಉಳಿದವರು, ಅಜ್ಜಿಯರನ್ನು ಹುಡುಕಲು ಕಾಲಾವಕಾಶ ಬೇಕೆಂದು ಎದ್ದುನಿಂತರು. “ಸಾರ್, 1966ರಲ್ಲಿ ಎಮ್.ಐ.ಟಿ.ಯ ಸೀಮೋರ್ ಪೇಪರ್ಟ್, ದೃಷ್ಟಿವ್ಯವಸ್ಥೆಯ ಮುಖ್ಯಭಾಗವನ್ನು ಒಂದೇ ಬೇಸಿಗೆಯಲ್ಲಿ ಕಟ್ಟೋ ಯೋಜನೆ ಹಾಕಿದ್ರು, ಆ ಕೆಲಸ ಇನ್ನೂ ಮುಗಿದಿಲ್ಲ ಅಂತ ನೀವೇ ಪಾಠ ಮಾಡಿದ್ದೀರಿ. ನಮಗೆ ಮಾತ್ರ ಒಂದೇ ವಾರವೆ?” ಎಂದ ಅವರ ಮುಖಂಡನಿಗೆ, ಬಹಳ ಚೌಕಾಸಿಯ ಮೇಲೆ, ಸೋಮವಾರದವರೆಗೆ ಕೊಟ್ಟೆ.