ಹಡಗು ಹತ್ತಬೇಕಿದ್ದ ಫೈಲು

ಬೇಸಿಗೆ ರಜೆ ಹತ್ತಿರ ಬಂತೆಂದರೆ ನಮ್ಮ ವಿಜಯಪುರ ಜಿಲ್ಲೆಗೆ ಈಗ ಸಮುದ್ರದ ಗಾಳಿ ಬೀಸತೊಡಗುತ್ತದೆ. ಮೊದಲೆಲ್ಲ ಧರ್ಮಸ್ಥಳ, ಶಿರಡಿ ಎನ್ನುತ್ತಿದ್ದವರಿಗೆ ಈಗ ಕ್ರೂಸ್ ಬೇಕು. ಬುಕಿಂಗ್ ಮೊದಲು, ಕಾಗದಪತ್ರ ಆಮೇಲೆ. ಹಡಗಿನವರನ್ನು ಮಾತಾಡಿಸಿದರೆ ಜಾಹೀರಾತು ಹೇಳುತ್ತಾರೆ, ಏಜೆಂಟರನ್ನು ಕೇಳಿದರೆ ‘ಆಗ್ತದ ಬಿಡ್ರಿ’ ಎನ್ನುತ್ತಾರೆ. ಹಾಗಾಗಿ ಬಸವನ ಬಾಗೇವಾಡಿ ಬಸ್ ನಿಲ್ದಾಣದಲ್ಲಿ ಯಜಮಾನನ ಕಂಕುಳಲ್ಲಿ ಬೆವರುತ್ತಿದ್ದ ನೀಲಿ ಪ್ಲಾಸ್ಟಿಕ್ ಫೈಲನ್ನೇ ಮಾತಿಗೆಳೆದೆ. ಮನೆಮಂದಿಯದೆಲ್ಲ ದಾಖಲೆ, ಅದರ ಮೇಲೆ ಝರಾಕ್ಸ್, ಒಟ್ಟಿನಲ್ಲಿ ಹೊಟ್ಟೆ ಉಬ್ಬಿತ್ತು.

ಪ್ರಶ್ನೆ: ಎಲ್ಲಿಗೆ ಸವಾರಿ?

ಫೈಲು: ಸಿಂಗಾಪುರಕ್ಕರೀ. ಅಲ್ಲಿಂದ ಹಡಗು. ಸದ್ಯಕ್ಕ ಮಾತ್ರ ಮುದ್ದೇಬಿಹಾಳಕ್ಕ, ಯಜಮಾನ್ರು ಓದಿದ ಸಾಲಿಗೆ. ಟಿಸಿಯಾಗ ಒಂದು ‘ಎ’ ಕಡಿಮಿ ಬಿದ್ದೈತಿ.

ಪ್ರಶ್ನೆ: ಸಿಂಗಾಪುರವೇ ಯಾಕೆ? ಮುಂಬೈಯಿಂದ ಗೋವಾಕ್ಕೆ, ಲಕ್ಷದ್ವೀಪಕ್ಕೆ ಹಡಗು ಬಿಟ್ಟಿದ್ದಾರೆ. ದೇಶದೊಳಗಿನ ಪಯಣ, ಪಾಸ್‌ಪೋರ್ಟ್ ಬೇಡ, ಆಧಾರ್ ಸಾಕು.

ಫೈಲು: ಲಕ್ಷದ್ವೀಪದ ನೆಲಕ್ಕ ಕಾಲಿಡಾಕ ಬ್ಯಾರೆ ಪರವಾನಗಿ ಬೇಕ್ರಿ. ನಮ್ಮ ದೇಶದಾಗ ಇದ್ರೂ! ಅದನ್ನ ಬಿಡ್ರಿ, ನನ್ನ ಸಂಕಟ ಆ ‘ಎ’ದು. ‘ಬಿರಾದಾರ’ ಅಂತ ಬರಿಯಾಕ ಇಂಗ್ಲಿಷಿನಾಗ ಎಷ್ಟು ‘ಎ’ ಬೇಕ್ರಿ? ಟಿಸಿ ಒಂದು ಹೇಳ್ತದ, ಪ್ಯಾನ್ ಕಾರ್ಡ್ ಒಂದು ಹೇಳ್ತದ, ಆಧಾರ್ ಅಂತೂ ಕೊನೀಗೂ ಒಂದು ಜಡಿದೈತಿ. ರಾತ್ರಿ ಆದ್ರ ಮೂರೂ ನನ್ನ ಹೊಟ್ಯಾಗ ಕುಸ್ತಿ ಹಿಡೀತಾವ.

ಪ್ರಶ್ನೆ: ಗೋವಾ ಅಂದೆನಲ್ಲ, ಅದಕ್ಕೇ ನೆನಪಾಯಿತು. ಗೋವಾ ನಮ್ಮ ಆದಿಲ್‌ಶಾಹಿಯ ಬಂದರು. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಕಿತ್ತುಕೊಂಡ. ಆಮೇಲೆ ಸುಲ್ತಾನರ ಕಡೆಯ ಹಡಗೇ ಸಮುದ್ರಕ್ಕಿಳಿದರೂ ಪೋರ್ಚುಗೀಸರ ‘ಕಾರ್ತಾಜ್’ ಎಂಬ ರಹದಾರಿ ಚೀಟಿ ಇರಬೇಕಿತ್ತು. ಹಡಗಿನ ಹೆಸರು, ನಾಯಕನ ಹೆಸರು, ಎಲ್ಲಿಂದ ಎಲ್ಲಿಗೆ, ಒಳಗೆ ಆಯುಧ ಎಷ್ಟು, ಎಲ್ಲ ಬರೆಸಬೇಕು. ಚೀಟಿ ಇಲ್ಲದಿದ್ದರೆ ಹಡಗು, ಸರಕು ಎರಡೂ ಜಪ್ತಿ. ನಾಲ್ಕೈದು ನೂರು ವರ್ಷಗಳ ಹಿಂದೆಯೇ ಬಿಜಾಪುರದವರು ಹಡಗಿನ ಕಾಗದಕ್ಕಾಗಿ ಪರದಾಡಿದ್ದರು ಎನ್ನುವುದು ರೋಮಾಂಚನವಲ್ಲವೇ?

ಫೈಲು: ಆ ಚೀಟ್ಯಾಗ ಸುಲ್ತಾನನ ಅಡ್ಡಹೆಸರಿನ ಕಾಲಂ ಇತ್ತೇನ್ರಿ?

ಪ್ರಶ್ನೆ: ಇರಲಿಕ್ಕಿಲ್ಲ.

ಫೈಲು: ಮತ್ತ? ಪುಣ್ಯವಂತ.

ಪ್ರಶ್ನೆ: ಸರಿ, ಸಿಂಗಾಪುರಕ್ಕಾದರೆ ವಾಪಸು ಬರುವ ದಿನಕ್ಕೂ ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು, ವೀಸಾ ಬೇಕು, ಹೋಗುವ ಮುಂಚಿನ ಮೂರು ದಿನದೊಳಗೆ ಅರೈವಲ್ ಕಾರ್ಡ್ ತುಂಬಬೇಕು. ಇದನ್ನೆಲ್ಲ ನೋಡಿದ್ದೀರಾ?

ಫೈಲು: ಅದೆಲ್ಲಾ ಏಜೆಂಟ್ ನೋಡ್ಕೋತಾನ. ಸೊಸೀದು ಕೇಳ್ರಿ. ಸಿಂದಗಿಯ ತವರಿನಾಗ ಮಹಾದೇವಿ, ಗಂಡನ ಮನ್ಯಾಗ ಭಾರತಿ. ಅಕ್ಕಿಕಾಳಿನ ಮ್ಯಾಲ ಹೆಸರು ಬದಲಿ ಮಾಡಿದ್ರು, ಕಾಗದದ ಮ್ಯಾಲ ಮಾಡಲಿಲ್ಲ. ಒಬ್ಬಾಕಿ ಪರವಾಗಿ ಇಬ್ಬರು ಹೆಣ್ಮಕ್ಕಳ ಕಾಗದ ಹೊತ್ತೀನಿ. ಇನ್ನ ಹುಟ್ಟಿದ ದಿನ! ನನ್ನೊಳಗಿನ ಗಂಡಸ್ರೆಲ್ಲಾ ಜೂನ್ 1ಕ್ಕ ಹುಟ್ಯಾರ. ಹೆಡ್‌ಮಾಸ್ತರ್ರು ಆವತ್ತೇ ಸಾಲಿ ಬಾಗಲಾ ತಗದು ಕುಂತಿದ್ರಂತ.

ಪ್ರಶ್ನೆ: 2014ರ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರವಾಯಿತು. ಅದರಿಂದ ಗೊಂದಲ ಹೆಚ್ಚಾಗಿರಬೇಕು?

ಫೈಲು: ಅದು ಸರ್ಕಾರ ಮಾಡಿದ ಬದಲಿ, ಗೆಜೆಟ್ ಐತಿ, ಯಾರೂ ತಕರಾರು ತಗ್ಯಾಂಗಿಲ್ಲ. ಊರಿನ ಹೆಸರು ಬದಲಾದ್ರ ನಡೀತದ, ಬಿರಾದಾರನ ‘ಎ’ ಬದಲಾದ್ರ ನಡ್ಯಾಂಗಿಲ್ಲ.

ಪ್ರಶ್ನೆ: ನಿಮ್ಮ ಕಡೆಯಿಂದ ಯಾರೂ ಕಡಲು ದಾಟಿಲ್ಲವೇ?

ಫೈಲು: ದಾಟೈತ್ರಿ, ಲಿಂಬಿಹಣ್ಣು! ಇಂಡಿ ಲಿಂಬಿಗೆ 2023ರಾಗ ಜಿಐ ಮಾನ್ಯತಾ ಸಿಕ್ತು, 2025ರಾಗ ಅರಬರ ದೇಶಕ್ಕ ಹೋತು. ಯಜಮಾನ್ರ ಭಾವ ಇಂಡಿಯಾಗ ಅದs ಲಿಂಬಿ ವ್ಯಾಪಾರ ಮಾಡ್ತಾನ. ಹಣ್ಣು ಮುಟ್ಟೇತಿ, ಅಂವ ಇನ್ನೂ ಝರಾಕ್ಸ್ ಅಂಗಡಿ ಮುಂದ ನಿಂತಾನ.

ಪ್ರಶ್ನೆ: ಆಗಿನ ಕಾಲದಲ್ಲಿ ದಾಭೋಳ ಬಂದರಿನಿಂದ ಹೊರಟ ಆದಿಲ್‌ಶಾಹಿ ಸರಕೂ ಹೀಗೆಯೇ...

ಫೈಲು: ನಿಮ್ಮ ದಾಭೋಳ ಬಿಡ್ರಿ ಸ್ವಲ್ಪ. ತಳದಾಗ ಒಂದು ಹಳದಿ ಬಿದ್ದ ಕಾಗದ ಐತಿ, ಓದ್ರಿ.

ಓದಿದೆ. ಯಜಮಾನರ ತಾಯಿಯ ಶಾಲೆಯ ದಾಖಲಾತಿ. ಹುಟ್ಟಿದ ಊರಿನ ಜಾಗದಲ್ಲಿ ಕೃಷ್ಣೆಯ ದಂಡೆಯ ಒಂದು ಹಳ್ಳಿ.

ಫೈಲು: ಆ ಊರು ಈಗ ಆಲಮಟ್ಟಿ ಹಿನ್ನೀರಿನಾಗ ಐತಿ. ಆಧಾರದಾಗ ಪುನರ್ವಸತಿ ಕೇಂದ್ರದ ವಿಳಾಸ. ಎರಡೂ ಕಾಗದ ಮುಂದಿಟ್ರ ಕೌಂಟರಿನಾಗ ಕೇಳ್ತಾರ: ಇದರಾಗ ಖರೇ ಊರು ಯಾವುದು? ಮುದುಕಿ ಏನು ಹೇಳಬೇಕ್ರಿ? ಊರು ಮುಳುಗಿಸೋ ಮುಂದ ಸರ್ಕಾರಕ್ಕ ನಮ್ಮ ಒಂದೊಂದು ಗ್ವಾಡಿ, ಒಂದೊಂದು ಗಿಡ ಗೊತ್ತಿತ್ತು. ಟೇಪು ಹಿಡಿದು ಅಳದು ಬರಕೊಂಡು ಹೋದ್ರು. ಪರಿಹಾರಕ್ಕ ಸಹಿ ಹಾಕಿಸ್ಕೊಂಡ್ರು. ಈಗ ಅಲ್ಲೇ ಹುಟ್ಟಿದ್ದಕ್ಕ ಸಾಕ್ಷಿ ತಗೊಂಡು ಬಾ ಅಂದ್ರ ಎಲ್ಲಿಂದ ತರ್ಬೇಕು, ನೀರಾಗ ಮುಳುಗಿ ತರ್ಬೇಕೇನು?

ನನ್ನ ಪ್ರಶ್ನೆಗಳ ಚೀಟಿಯಲ್ಲಿ ಕಾರ್ತಾಜ್ ಬಗ್ಗೆ ಇನ್ನೂ ಮೂರು ಉಳಿದಿದ್ದವು. ಮಡಚಿ ಜೇಬಿಗಿಟ್ಟೆ.

ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಈಗ ಅಲ್ಲಿ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದವರೆಗೆ ನೀರು ನಿಲ್ಲಿಸುತ್ತಾರೆ. ಅದನ್ನು 524.256 ಮೀಟರಿಗೆ ಏರಿಸುವ ಯೋಜನೆ ಸರ್ಕಾರದ ಮುಂದಿದೆ. ಏರಿದರೆ ಇನ್ನಷ್ಟು ಊರು ಹೋಗುತ್ತವೆ, ಇನ್ನಷ್ಟು ಇಂಥ ಫೈಲುಗಳು ಹುಟ್ಟುತ್ತವೆ. ಕ್ರೂಸು ಹೋಗಲಿ, ಕೊಲ್ಲಿ ದೇಶಕ್ಕೆ ದುಡಿಯಲು ಹೋಗುವ ಹುಡುಗನಿಗೂ, ಹಜ್‌ಗೆ ಹೊರಟ ಮುದುಕಿಗೂ ಬೇಕಾಗುವುದು ಇವೇ ಕಾಗದ.

ಆದ್ದರಿಂದ ಕಂದಾಯ ಇಲಾಖೆಗೆ ಒಂದು ವಿನಂತಿ. ಮುಳುಗಡೆಯಾದ ಪ್ರತಿ ಕುಟುಂಬಕ್ಕೆ ಒಂದೇ ಒಂದು ಹಾಳೆ ಕೊಡಿ: ಹಳೆಯ ಊರು, ಈಗಿನ ಊರು, ಮನೆಯವರೆಲ್ಲರ ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಕೆಳಗೆ ತಹಶೀಲ್ದಾರರ ಸಹಿ. ಇನ್ನು ಮುಂದೆ ಮುಳುಗುವವರಿಗೆ ಅದನ್ನು ಪರಿಹಾರದ ಚೆಕ್ಕಿನ ಜೊತೆಗೇ ಕೊಡಿ, ಅರ್ಜಿ ಬರೆಸಬೇಡಿ.