ನೆಲಕ್ಕೆ ಬಗ್ಗುವ ಕಾರು: ಮಾಲೀಕರ ಕೈಪಿಡಿ

ಬಳಸುವ ಮುನ್ನ ಪೂರ್ತಿ ಓದಿ

ಲೋರೈಡರ್ ಕಾರಿನ ಮಾಲೀಕರಾಗಲು ನೀವು ಮನಸ್ಸು ಮಾಡಿದ್ದೀರಿ. ಮನೆಯವರಿಗೆ ಇನ್ನೂ ತಿಳಿಸಿಲ್ಲವಾದರೆ ಈ ಪುಟ ಮುಗಿಯುವುದರೊಳಗೆ ತಿಳಿಸಿಬಿಡಿ. ಮುಂದಿನ ಖರ್ಚುಗಳು ಮುಚ್ಚಿಡುವಂಥವಲ್ಲ. ಈ ವಾಹನ ವೇಗಕ್ಕೆ ಹೇಳಿಸಿದ್ದಲ್ಲ. ಮೈಲೇಜಿನ ಮಾತು ಎತ್ತಲೇಬೇಡಿ. ಸಾಮಾನು ಸಾಗಿಸೋಣವೆಂದರೆ ಡಿಕ್ಕಿಯ ತುಂಬ ಬ್ಯಾಟರಿಗಳಿರುತ್ತವೆ. ಭಾನುವಾರ ಸಂಜೆ, ಫುಟ್‌ಪಾತಿನಲ್ಲಿ ನಿಂತವರ ಜೊತೆ ಮಾತಾಡುತ್ತ ಹೋಗಬಹುದಾದಷ್ಟು ನಿಧಾನವಾಗಿ, ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ ಮತ್ತೆ ತಿರುಗಿ ಬರುವುದಷ್ಟೇ ಇದರ ಕೆಲಸ. ತೇರು ನಾಲ್ಕು ಬೀದಿ ಸುತ್ತಲು ಇಡೀ ಸಂಜೆ ತೆಗೆದುಕೊಂಡರೆ ನಮ್ಮಲ್ಲಿ ಯಾರೂ ಅದರ ವೇಗ ಕೇಳುವುದಿಲ್ಲ. ಇದನ್ನೂ ಹಾಗೆಯೇ ತಿಳಿಯತಕ್ಕದ್ದು.

ಇನ್ನೊಂದು ಮಾತು. ಈ ಕೈಪಿಡಿಯನ್ನು ಯಾವ ಕಂಪನಿಯೂ ಹೊರತಂದಿಲ್ಲ. ಷೆವ್ರೊಲೆಯವರು ಕಾರು ಮಾಡಿದರು, ಲೋರೈಡರ್ ಮಾಡಲಿಲ್ಲ. ಅದನ್ನು ಮಾಡಿದವರು ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ಪೂರ್ವ ಲಾಸ್ ಏಂಜಲೀಸ್‌ನಲ್ಲೂ ಅಮೆರಿಕದ ನೈಋತ್ಯದ ಇತರ ಊರುಗಳಲ್ಲೂ ಇದ್ದ ಮೆಕ್ಸಿಕನ್ ಮೂಲದ ಕುಟುಂಬಗಳ ಹುಡುಗರು. ಕೈಯಲ್ಲಿ ಮೊದಲ ಬಾರಿಗೆ ಒಂದಿಷ್ಟು ದುಡ್ಡು. ಆದರೆ ಹೊಸ ಕಾರಿಗೆ ಸಾಲುವಷ್ಟಲ್ಲ. ಬಿಳಿಯರ ಹುಡುಗರು ಹಳೆಯ ಫೋರ್ಡ್ ಕೊಂಡು ಎಂಜಿನ್ ಬಿಚ್ಚಿ, ಹಿಂಭಾಗ ಎತ್ತರಿಸಿ, ವೇಗದ ಹಿಂದೆ ಬಿದ್ದಿದ್ದ ಕಾಲ. ಇವರು ಹಳೆಯ ಷೆವಿ ಕೊಂಡು ಅದನ್ನು ಕೆಳಗಿಳಿಸಿದರು, ಮೆಲ್ಲಗೆ ಓಡಿಸಿದರು. ಆ ವೇಗದವರಿಗೆ ಇದಕ್ಕಿಂತ ಸಿಟ್ಟು ಬರಿಸುವ ಉತ್ತರ ಬೇರೆ ಯಾವುದಿತ್ತು?

ಬೇಕಾಗುವ ಸಾಮಗ್ರಿ

ಕಾರು ಒಂದು. 1964ರ ಷೆವ್ರೊಲೆ ಇಂಪಾಲಾ ಸಿಕ್ಕರೆ ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳಿ. 1958ರಲ್ಲಿ ಬಂದ ಮೊದಲ ಇಂಪಾಲಾದಿಂದ 64ರದ್ದರವರೆಗೆ ಅಡಿಯ ಚಾಸಿ ಇಂಗ್ಲಿಷಿನ ಎಕ್ಸ್ ಅಕ್ಷರದ ಹಾಗಿದೆ. ಮೇಲೆ ಉದ್ದವಾದ, ಚಪ್ಪಟೆಯಾದ ಮೈ. ಚಿತ್ರ ಬರೆಯಲು ಗೋಡೆಯಂತೆ ಜಾಗ. ತುಕ್ಕು ಹಿಡಿದಿದ್ದರೆ ಬೇಸರ ಬೇಡ. ಎಲ್ಲರದ್ದೂ ಹಾಗೆಯೇ ಶುರುವಾಗಿದ್ದು.

ವೆಲ್ಡಿಂಗ್ ಬಲ್ಲ ಚಿಕ್ಕಪ್ಪ ಒಬ್ಬರು. ಇದು ಅಂಗಡಿಯಲ್ಲಿ ಸಿಗುವುದಿಲ್ಲ. ಸೀಟು ಹೊಲಿಯುವವರು ಒಬ್ಬರು, ಪೇಂಟರ್ ಒಬ್ಬರು, ಕ್ರೋಮ್ ಮಾಡಿಕೊಡುವ ಅಂಗಡಿಯಲ್ಲಿ ಸಾಲ ಹೇಳುವಷ್ಟು ಸಲುಗೆ. ಹದಿಮೂರು ಇಂಚಿನ ಕಡ್ಡಿ ಚಕ್ರಗಳು ನಾಲ್ಕು. ಅಷ್ಟು ದೊಡ್ಡ ಕಾರಿಗೆ ಇಷ್ಟು ಪುಟ್ಟ ಚಕ್ರವೇ ಎಂದು ಯಾರಾದರೂ ಕೇಳಿದರೆ ಅವರಿಗೆ ಈ ಕೈಪಿಡಿಯ ಒಂದು ಪ್ರತಿ ಕೊಡಿ.

ಕೆಳಗಿಳಿಸುವ ವಿಧಾನ

ಹಳೆಯ ವಿಧಾನ ಸುಲಭ, ಅಗ್ಗ ಕೂಡ. ಡಿಕ್ಕಿಯಲ್ಲಿ ಮರಳಿನ ಮೂಟೆ ಇಲ್ಲವೇ ಸಿಮೆಂಟ್ ಚೀಲ ಹೇರಿ. ಹಿಂಭಾಗ ತಾನಾಗಿ ಕೂರುತ್ತದೆ. ಇನ್ನೂ ಬೇಕೆಂದರೆ ಗ್ಯಾಸ್ ಕಟರ್ ಹಿಡಿದು ಸ್ಪ್ರಿಂಗ್‌ನ ಒಂದೆರಡು ಸುತ್ತು ಕತ್ತರಿಸಿಬಿಡಿ. ಆಮೇಲೆ ರಸ್ತೆಯ ಪ್ರತಿ ಗುಂಡಿಯೂ ನೇರವಾಗಿ ನಿಮ್ಮ ಬೆನ್ನುಮೂಳೆಗೆ ವರದಿ ಒಪ್ಪಿಸುತ್ತದೆ. ಕತ್ತರಿಸಿದ್ದನ್ನು ಮತ್ತೆ ಬೆಳೆಸಲು ಬರುವುದಿಲ್ಲ ಎಂಬುದು ಈ ವಿಧಾನದ ದೊಡ್ಡ ಕೊರತೆ.

ಇನ್ನೊಂದು ಕೊರತೆಯನ್ನು ಸರ್ಕಾರ ಒದಗಿಸಿತು. 1950ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ವಾಹನ ಕಾಯ್ದೆಯಲ್ಲಿ 24008 ಎಂಬ ಕಲಂ ಬಂತು. ಮಾರ್ಪಡಿಸಿದ ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ತಗ್ಗಿನಲ್ಲಿ ಇರಬಾರದು, ಇದ್ದರೆ ದಂಡ. ಕಲಂ ಓದಿದರೆ ಯಾರ ಹೆಸರೂ ಇಲ್ಲ. ಆದರೆ ಅದು ಯಾವ ಮೊಹಲ್ಲಾದ ಕಾರುಗಳನ್ನು ನಿಲ್ಲಿಸಲು ಒದಗುತ್ತದೆಂದು ಪೊಲೀಸರಿಗೂ ಗೊತ್ತಿತ್ತು, ಆ ಮೊಹಲ್ಲಾದವರಿಗೂ ಗೊತ್ತಿತ್ತು.

ಈಗ ಹೊಸ ವಿಧಾನ. ಸ್ಯಾನ್ ಬರ್ನಾರ್ಡಿನೊ ಕಡೆಯ ರಾನ್ ಅಗ್ವಿರ್ರೆ ಎಂಬ ತರುಣನ ಬಳಿ ಒಂದು ಕಾರ್ವೆಟ್ ಕಾರಿತ್ತು. ಅದಕ್ಕೆ ಎಕ್ಸ್-ಸಾನಿಕ್ ಎಂದು ಹೆಸರು. ಯುದ್ಧ ಮುಗಿದ ಮೇಲೆ ವಿಮಾನದ ಪಂಪು, ವಾಲ್ವುಗಳು ಗುಜರಿಯಲ್ಲಿ ಸಿಗುತ್ತಿದ್ದವು. ಅಪ್ಪನ ನೆರವಿನಿಂದ ಅವನ್ನೇ ತಂದು 1959ರಲ್ಲಿ ಕಾರಿಗೆ ಜೋಡಿಸಿದ. ಸ್ವಿಚ್ ಒತ್ತಿದರೆ ಕಾರು ಏಳುತ್ತದೆ, ಇನ್ನೊಮ್ಮೆ ಒತ್ತಿದರೆ ಕೂರುತ್ತದೆ. ಪೊಲೀಸರು ಕಂಡರೆ ಕಾನೂನಿನ ಎತ್ತರ, ಮರೆಯಾದರೆ ನಿಮ್ಮಿಷ್ಟದ ಎತ್ತರ. ಇಡೀ ಜಗತ್ತು ಬಾಯಿ ಬಿಟ್ಟು ನೋಡುವ, ಕಾರು ಕುಣಿಯುವ ಆ ವಿದ್ಯೆಯ ಬುಡದಲ್ಲಿರುವುದು ಒಂದು ಟ್ರಾಫಿಕ್ ದಂಡ. ಕಲಂ ಬರೆದ ಪುಣ್ಯಾತ್ಮರಿಗೆ ಈ ಕಲೆಯ ಇತಿಹಾಸದಲ್ಲಿ ಒಂದು ಸಾಲಿನ ಕೃತಜ್ಞತೆಯಾದರೂ ಸಲ್ಲಬೇಕು.

ಈ ಹೈಡ್ರಾಲಿಕ್ಸ್ ಜೋಡಣೆ ಹೀಗೆ: ಡಿಕ್ಕಿಯಲ್ಲಿ ಪಂಪು, ಪಕ್ಕದಲ್ಲಿ ಹನ್ನೆರಡು ವೋಲ್ಟಿನ ಬ್ಯಾಟರಿಗಳ ಸಾಲು. ಬ್ಯಾಟರಿಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿದಂತೆಲ್ಲ ವೋಲ್ಟೇಜ್ ಏರುತ್ತದೆ, ಪಂಪಿನ ಮೋಟಾರು ಅಷ್ಟು ರಭಸವಾಗಿ ತಿರುಗುತ್ತದೆ. ಅದು ಎಣ್ಣೆಯನ್ನು ಪೈಪಿನಲ್ಲಿ ನುಗ್ಗಿಸಿ ಸ್ಪ್ರಿಂಗ್ ಜೊತೆ ಕೂರಿಸಿದ ಸಿಲಿಂಡರಿಗೆ ತುಂಬುತ್ತದೆ, ಆ ಮೂಲೆ ಮೇಲೇಳುತ್ತದೆ. ಇನ್ನೊಂದು ವಾಲ್ವ್ ತೆರೆದರೆ ಎಣ್ಣೆ ಹಿಂದಿರುಗಿ, ಕಾರು ನಿಟ್ಟುಸಿರು ಬಿಟ್ಟು ಕೂರುತ್ತದೆ. ನಾಲ್ಕು ಮೂಲೆಗೆ ಬೇರೆ ಬೇರೆ ಸ್ವಿಚ್ ಇದ್ದರೆ ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ವಾಲಿಸಬಹುದು. ಕೈ ಪಳಗಿದ ಮೇಲೆ ಒಂದು ಚಕ್ರವನ್ನು ಗಾಳಿಯಲ್ಲಿ ಬಿಟ್ಟು ಮೂರರ ಮೇಲೆ ತಿರುವು ತೆಗೆದುಕೊಳ್ಳಬಹುದು.

ಎಚ್ಚರಿಕೆ: ಕುಣಿಸುವ ಆಸೆಯಿದ್ದರೆ ಮೊದಲು ಚಾಸಿಗೆ ಉಕ್ಕಿನ ತಗಡು ಸುತ್ತಿ ವೆಲ್ಡ್ ಮಾಡಿಸಿ. ಇಲ್ಲವಾದರೆ ಕಾರು ಮೊದಲು ತಿರುಚಿಕೊಳ್ಳುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಚಿಕ್ಕಪ್ಪ ಬೇಕಾಗುವುದು ಇಲ್ಲಿಯೇ.

ಬಣ್ಣ

ಕ್ಯಾಂಡಿ ಬಣ್ಣ ಬಳಿಯಲು ತಾಳ್ಮೆ ಮುಖ್ಯ. ಕೆಳಗೆ ಬೆಳ್ಳಿ ಅಥವಾ ಬಂಗಾರದ ಛಾಯೆ, ಅದರ ಮೇಲೆ ಆಚೆ ಕಾಣುವಷ್ಟು ತೆಳುವಾದ ಬಣ್ಣದ ಪದರದ ಮೇಲೆ ಪದರ, ಕೊನೆಗೆ ಕ್ಲಿಯರ್ ಕೋಟ್. ಬೆಳಕು ಒಳಗಿಳಿದು ತಳದ ಲೋಹದ ಛಾಯೆಗೆ ತಾಗಿ ಹಿಂದಿರುಗುವುದರಿಂದ ಕೆಂಪಿಗೆ ಆಳ ಬರುತ್ತದೆ. ಒಂದು ಕಡೆ ಒಂದು ಪದರ ಹೆಚ್ಚಾದರೂ ಆ ಜಾಗ ಕಪ್ಪಗೆ ಎದ್ದು ಕಾಣುತ್ತದೆ. ಆಗ ಉಜ್ಜಿ ತೆಗೆದು ಮೊದಲಿಂದ. ಮೇಲೆ ಗ್ವಾದಲೂಪೆಯ ಮೇರಿ ಮಾತೆ, ಆಸ್ಟೆಕ್ ವೀರರು, ತೀರಿಹೋದ ಅಜ್ಜ, ಏನು ಬೇಕಾದರೂ ಬರೆಸಬಹುದು. ಅಜ್ಜನ ಮೂಗಿನ ವಿಷಯದಲ್ಲಿ ಮನೆಯವರ ಒಪ್ಪಿಗೆ ಮೊದಲೇ ಪಡೆಯಿರಿ.

ಮಾದರಿಗೆ ಒಂದನ್ನು ನೋಡಲೇಬೇಕು. ಪೂರ್ವ ಲಾಸ್ ಏಂಜಲೀಸ್‌ನ ಇಂಪೀರಿಯಲ್ಸ್ ಕಾರು ಕ್ಲಬ್ಬಿನ ಜೆಸ್ಸಿ ವಲದೇಸ್ ಅವರ 1964ರ ಇಂಪಾಲಾ, ಜಿಪ್ಸಿ ರೋಸ್. ಗುಲಾಬಿ ಬಣ್ಣದ ಮೈತುಂಬ ವಾಲ್ಟ್ ಪ್ರೇ ಬರೆದ ಗುಲಾಬಿ ಹೂಗಳು. 1970ರ ದಶಕದಲ್ಲಿ 'ಚಿಕೊ ಆಂಡ್ ದ ಮ್ಯಾನ್' ಎಂಬ ಟಿವಿ ಹಾಸ್ಯ ಧಾರಾವಾಹಿಯ ಶೀರ್ಷಿಕೆಯ ದೃಶ್ಯದಲ್ಲಿ ಈ ಕಾರು ಓಡಿತು. ಪೂರ್ವ ಲಾಸ್ ಏಂಜಲೀಸ್ ಎಲ್ಲಿದೆಯೆಂದು ಗೊತ್ತಿಲ್ಲದವರ ಮನೆಗೂ ಹೊಕ್ಕಿತು. ವಲದೇಸ್ 2011ರಲ್ಲಿ ತೀರಿಕೊಂಡರು. 2017ರಲ್ಲಿ ಅದನ್ನು ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್‌ನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟು ಜನರಿಗೆ ತೋರಿಸಿದರು. ತಗ್ಗಿದ ಕಾರಿಗೆ ದಂಡ ಹಾಕುವ ಕಲಂ ಆ ಹೊತ್ತಿಗೂ ಕ್ಯಾಲಿಫೋರ್ನಿಯಾದ ಪುಸ್ತಕದಲ್ಲಿ ಹಾಗೆಯೇ ಇತ್ತು.

ಓಡಿಸುವ ಕ್ರಮ

ಎಡಗೈ ಸ್ಟಿಯರಿಂಗ್ ಮೇಲೆ, ಸೀಟು ಹಿಂದಕ್ಕೆ, ಕಿಟಕಿ ಕೆಳಗೆ. ರೇಡಿಯೋದಲ್ಲಿ ಹಳೆಯ ಪ್ರೇಮಗೀತೆ, ಅದೂ ನಿಧಾನದ್ದು. ರೇಡಿಯೋ ನಿರೂಪಕ ಆರ್ಟ್ ಲಬೋ ಬದುಕಿದ್ದಾಗ ಈ ಕೆಲಸ ಅವರದ್ದೇ ಆಗಿತ್ತು: ಕೇಳುಗರು ಫೋನ್ ಮಾಡಿ, ಜೈಲಿನಲ್ಲಿರುವ ಗಂಡನಿಗೋ ದೂರದ ಊರಿನ ಅಮ್ಮನಿಗೋ ಹಾಡು ಅರ್ಪಿಸುತ್ತಿದ್ದರು, ಅವರು ಹಾಕುತ್ತಿದ್ದರು. 2022ರಲ್ಲಿ ತೀರಿಕೊಂಡಾಗ ಅವರಿಗೆ 97 ವರ್ಷ. ಅವರು ಆರ್ಮೇನಿಯನ್ ಮೂಲದವರೆಂಬುದು ಯಾರಿಗೂ ಅಡ್ಡಿಯಾಗಲಿಲ್ಲ.

ಮಾರ್ಗ: ಪೂರ್ವ ಲಾಸ್ ಏಂಜಲೀಸ್‌ನ ವಿಟಿಯರ್ ಬುಲೆವಾರ್ಡ್. 1970ರ ಆಗಸ್ಟ್ 29ರಂದು ವಿಯೆಟ್ನಾಂ ಯುದ್ಧದ ವಿರುದ್ಧ ಚಿಕಾನೊಗಳ, ಅಂದರೆ ಮೆಕ್ಸಿಕನ್ ಮೂಲದ ಅಮೆರಿಕನ್ನರ, ದೊಡ್ಡ ಮೆರವಣಿಗೆ ಬಂದದ್ದು ಇದೇ ರಸ್ತೆಗೆ. ಪತ್ರಕರ್ತ ರೂಬೆನ್ ಸಲಜಾರ್ ಅಂದು ಪೊಲೀಸರು ಹಾರಿಸಿದ ಅಶ್ರುವಾಯು ಶೆಲ್ಲಿಗೆ ಬಲಿಯಾದದ್ದು ಇದೇ ರಸ್ತೆಯ ಸಿಲ್ವರ್ ಡಾಲರ್ ಎಂಬ ಬಾರಿನಲ್ಲಿ. ಈ ಬೀದಿಯಲ್ಲಿ ಮೆಲ್ಲಗೆ ಹೋಗುವವರಿಗೆ ಹಾಗೆ ಹೋಗಲು ಕಾರಣಗಳಿವೆ.

ಹಿಂದೆ ಇನ್ನೊಂದು ಎಚ್ಚರಿಕೆ ಬೇಕಾಗಿತ್ತು. ಹಲವು ಊರುಗಳು ಸುಮ್ಮನೆ ಸುತ್ತುವುದನ್ನೇ ಅಪರಾಧ ಮಾಡಿದ್ದವು: ಸೂಚನೆ ಕೊಟ್ಟ ಮೇಲೂ ಗೊತ್ತುಪಡಿಸಿದ ಜಾಗವನ್ನು ಇಂತಿಷ್ಟು ಹೊತ್ತಿನೊಳಗೆ ಮತ್ತೆ ದಾಟಿದರೆ ಕೇಸು. ಕೊತ್ತಂಬರಿ ಸೊಪ್ಪು ಮರೆತು ಮತ್ತೆ ಅಂಗಡಿಗೆ ಹೊರಟವರ ಪಾಡು ಏನೋ. ಸ್ಯಾನ್ ಡಿಯಾಗೊ ಪಕ್ಕದ ನ್ಯಾಷನಲ್ ಸಿಟಿಯಲ್ಲಿ 1992ರಲ್ಲಿ ಬಂದ ನಿಷೇಧ ಹೋದದ್ದು 2023ರಲ್ಲಿ. ಕ್ಲಬ್ಬಿನವರು ಸಭೆಯಿಂದ ಸಭೆಗೆ ಅಲೆದು, ಕೌನ್ಸಿಲ್ಲಿನ ಮುಂದೆ ಸರದಿಯಲ್ಲಿ ನಿಂತು ಮಾತಾಡಿ ಅದನ್ನು ತೆಗೆಸಿದರು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸಕ ಡೇವಿಡ್ ಅಲ್ವಾರೆಜ್ ಮಂಡಿಸಿದ ಮಸೂದೆ ಇಡೀ ರಾಜ್ಯಕ್ಕೆ ಪಾಸಾಯಿತು. 2024ರ ಜನವರಿ 1ರಿಂದ ಸುತ್ತಾಟದ ನಿಷೇಧಗಳೂ ಇಲ್ಲ, 24008ರ ಎತ್ತರದ ಕಟ್ಟಳೆಯೂ ಇಲ್ಲ. ಈಗ ಕಾರನ್ನು ಎಷ್ಟು ಬೇಕಾದರೂ ಇಳಿಸಿಕೊಂಡು ಹೋಗಬಹುದು. ಏರಿಸಿ ಇಳಿಸುವ ಸ್ವಿಚ್ಚನ್ನು ಮಾತ್ರ ಯಾರೂ ಬಿಚ್ಚಿಟ್ಟಿಲ್ಲ.

ಸ್ಯಾನ್ ಹೋಸೆಯ ಕನ್ನಡಿಗರಿಗೆ ವಿಶೇಷ ಸೂಚನೆ

ಸಾಫ್ಟ್‌ವೇರ್ ಕೆಲಸಕ್ಕೆಂದು ಸಿಲಿಕಾನ್ ಕಣಿವೆಗೆ ಹೋಗಿ ನೆಲೆಸಿದವರು ನೀವಾಗಿದ್ದರೆ, ಊರಿನ ಪೂರ್ವ ಭಾಗದಲ್ಲಿ ಸ್ಟೋರಿ ರಸ್ತೆಯೂ ಕಿಂಗ್ ರಸ್ತೆಯೂ ಕೂಡುವ ಜಾಗವನ್ನು ಒಮ್ಮೆ ನೋಡಿಬನ್ನಿ. ಲೋರೈಡರ್‌ಗಳ ಮಟ್ಟಿಗೆ ಅದು ದೊಡ್ಡ ಹೆಸರು. 1977ರಲ್ಲಿ ಸನ್ನಿ ಮದ್ರಿದ್ ಮತ್ತು ಅವರ ವಿಶ್ವವಿದ್ಯಾಲಯದ ಗೆಳೆಯರು 'ಲೋ ರೈಡರ್' ಪತ್ರಿಕೆ ಶುರು ಮಾಡಿದ್ದೂ ನಿಮ್ಮದೇ ಊರಿನಲ್ಲಿ. ಆ ಪತ್ರಿಕೆ ಓದುಗರ ಕಾರುಗಳ ಫೋಟೋ ಹಾಕಿ ದೂರದೂರಿನವರನ್ನು ಒಬ್ಬರಿಗೊಬ್ಬರು ಪರಿಚಯ ಮಾಡಿಸಿತು. ಮುಖಪುಟದಲ್ಲಿ ಬಿಕಿನಿ ತೊಟ್ಟ ಹುಡುಗಿಯರನ್ನು ಕಾರಿಗೆ ಒರಗಿಸಿ ನಿಲ್ಲಿಸುವ ಕೆಟ್ಟ ಚಾಳಿಯೂ ಅದಕ್ಕೆ ಅಂಟಿತು. ಈಗ ಹೆಂಗಸರೇ ಸ್ಟಿಯರಿಂಗ್ ಹಿಡಿದು ತಮ್ಮದೇ ಕ್ಲಬ್ ಕಟ್ಟಿಕೊಂಡಿದ್ದಾರೆ. ಒರಗಿ ನಿಲ್ಲುವ ಕೆಲಸ ಬೇಕಾದರೆ ಗಂಡಂದಿರು ಮಾಡಲಿ.

ಸಾಲಾಗಿ ಕಾರುಗಳು ಬರುತ್ತಿದ್ದರೆ ಹಾರ್ನ್ ಹೊಡೆಯಬೇಡಿ, ಹಿಂದಿಕ್ಕಬೇಡಿ. ನಿಂತಾಗ ಮೈ ಮುಟ್ಟಬೇಡಿ. ಬೆರಳ ಗುರುತು ಒರೆಸುವ ಬಟ್ಟೆ ಮಾಲೀಕರ ಜೇಬಿನಲ್ಲೇ ಇರುತ್ತದೆ, ಮನಸ್ಸಿನ ಗುರುತಿಗೆ ಬಟ್ಟೆಯಿಲ್ಲ. ಎಷ್ಟಾಯಿತು ಎಂದು ಕೇಳುವುದು ನಮ್ಮವರ ಹುಟ್ಟುಗುಣ, ಸ್ವಲ್ಪ ತಡೆದುಕೊಳ್ಳಿ. ಪೇಂಟ್ ಯಾರು ಮಾಡಿದ್ದು ಎಂದು ಕೇಳಿ. ಅರ್ಧ ಗಂಟೆ ಬಿಡುವು ಮಾಡಿಕೊಂಡು ಕೇಳಿ.

ಕ್ಲಬ್ಬಿನ ನಿಯಮ

ಹಿಂದಿನ ಗಾಜಿನಲ್ಲಿ ಕಾಣುವ ಕ್ಲಬ್ಬಿನ ಎರಕದ ಲೋಹದ ಫಲಕವನ್ನು ದುಡ್ಡು ಕೊಟ್ಟು ಪಡೆಯಲಾಗದು. ಸದಸ್ಯರು ನಿಮ್ಮ ಕಾರನ್ನೂ ನಡತೆಯನ್ನೂ ನೋಡಿ ಕೊಡುತ್ತಾರೆ. ನಡತೆ ಕೆಟ್ಟರೆ ವಾಪಸ್ ಇಸಿದುಕೊಳ್ಳುತ್ತಾರೆ. 1962ರಲ್ಲಿ ರುಯೆಲಾಸ್ ಸೋದರರು ಲಾಸ್ ಏಂಜಲೀಸ್‌ನಲ್ಲಿ ಕಟ್ಟಿದ ಡ್ಯೂಕ್ಸ್ ಕ್ಲಬ್ ಇಂದಿಗೂ ನಡೆಯುತ್ತಿದೆ. ಸಿನಿಮಾದವರು ಇಂಥ ಕಾರು ಕಂಡರೆ ಒಳಗೆ ರೌಡಿಯನ್ನು ಕೂರಿಸಿದರು. ಕ್ಲಬ್ಬುಗಳು ಮಾತ್ರ ಕ್ರಿಸ್‌ಮಸ್‌ಗೆ ಬಡ ಮಕ್ಕಳಿಗೆ ಆಟಿಕೆ ಕೂಡಿಸುತ್ತ, ಯಾರದೋ ಆಸ್ಪತ್ರೆ ಖರ್ಚಿಗೆ, ಯಾರದೋ ಮಣ್ಣಿನ ಖರ್ಚಿಗೆ ಕಾರು ತೊಳೆದು ಹಣ ಎತ್ತುತ್ತ ಬಂದಿವೆ. ಇದರಲ್ಲಿ ಸಿನಿಮಾಕ್ಕೆ ಬೇಕಾದದ್ದೇನೂ ಇರಲಿಲ್ಲ.

ಮಾಲೀಕರು ತೀರಿಕೊಂಡಲ್ಲಿ

ಕಾರು ನಿಲ್ಲುವುದಿಲ್ಲ. ನ್ಯೂ ಮೆಕ್ಸಿಕೊದ ಎಸ್ಪಾನ್ಯೋಲ ಕಣಿವೆಯವರು ತಮ್ಮದೇ ಲೋರೈಡರ್‌ಗಳ ರಾಜಧಾನಿ ಎನ್ನುತ್ತಾರೆ. ಲಾಸ್ ಏಂಜಲೀಸ್‌ನವರು ನಗುತ್ತಾರೆ, ವಾದ ಇನ್ನೂ ಮುಗಿದಿಲ್ಲ. ಅಲ್ಲಿಯ ಚಿಮಾಯೊ ಎಂಬ ಹಳ್ಳಿಯ ಡೇವಿಡ್ ಹರಮಿಯೊ 1969ರ ಫೋರ್ಡ್ ಎಲ್‌ಟಿಡಿ ಒಂದನ್ನು ಕಟ್ಟಲು ಕೂತಿದ್ದರು. ಷೆವಿ ಅಲ್ಲ, ಫೋರ್ಡ್; ಆ ತಪ್ಪನ್ನು ಊರು ಎಂದೋ ಮನ್ನಿಸಿದೆ. 1978ರಲ್ಲಿ ಬೇರೊಂದು ವಾಹನದ ಅಪಘಾತದಲ್ಲಿ ಅವರು ಸತ್ತರು, ಕಾರು ಅರ್ಧಕ್ಕೆ ನಿಂತಿತು. ಹೆಂಡತಿ, ನೆಂಟರು, ಊರಿನ ಕೆಲಸಗಾರರು ಸೇರಿ ಮುಗಿಸಿದರು. ಕಾರಿನ ಮೇಲೆ ಅವರ ಕುಟುಂಬದ ಚಿತ್ರವನ್ನೇ ಬರೆಸಿದರು. ಡೇವ್ಸ್ ಡ್ರೀಮ್ ಎಂದು ಹೆಸರಿಟ್ಟು ಮೆರವಣಿಗೆಗಳಲ್ಲಿ ಓಡಿಸಿದರು. 1990ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆ ಅದನ್ನು ತನ್ನ ಅಮೆರಿಕನ್ ಇತಿಹಾಸದ ವಸ್ತುಸಂಗ್ರಹಾಲಯಕ್ಕೆ ಪಡೆಯಿತು. ಅದು ಅಲ್ಲಿಗೆ ಹೋಗಿದ್ದೂ ಹೈಡ್ರಾಲಿಕ್ಸ್ ಸಮೇತ.

ಹಾಗಾಗಿ ವಾರಸುದಾರರನ್ನು ಬೇಗ ತಯಾರು ಮಾಡಿ. ಆರೇಳು ವರ್ಷದ ಮಕ್ಕಳಿಗೆ ಬಾಗಿದ ಹ್ಯಾಂಡಲ್ಲಿನ, ಉದ್ದ ಸೀಟಿನ ಶ್ವಿನ್ ಸೈಕಲ್ ಕೊಡಿಸಿ ತಗ್ಗಿಸಿಕೊಡುವುದು ವಾಡಿಕೆ. ಮಕ್ಕಳು ಅದರಲ್ಲೂ ನಿಧಾನವಾಗಿ ಹೋಗಲು ಕಲಿಯುತ್ತಾರೆ. ಸೈಕಲ್ಲಿನಲ್ಲಿ ಬೀಳದೆ ನಿಧಾನ ಹೋಗುವುದು ಕಾರಿಗಿಂತ ಕಷ್ಟ.

ತೊಂದರೆ ಕಂಡುಬಂದಲ್ಲಿ

ಡಿಕ್ಕಿಯಿಂದ ಎಣ್ಣೆ ಸೋರುತ್ತಿದೆ: ಸಹಜ. ಸೋರದಿದ್ದರೆ ಎಣ್ಣೆ ಇದೆಯೇ ಎಂದು ನೋಡಿ.

ಡಿಕ್ಕಿಯಿಂದ ಹೊಗೆ ಬರುತ್ತಿದೆ: ಬ್ಯಾಟರಿಯ ಕನೆಕ್ಷನ್ ತಪ್ಪಿಸಿ, ದೂರ ಓಡಿ, ಆಮೇಲೆ ಚಿಕ್ಕಪ್ಪನಿಗೆ ಫೋನ್ ಮಾಡಿ.

ಹಿಂದಿನ ಕಾರಿನವರು ಹಾರ್ನ್ ಹೊಡೆಯುತ್ತಿದ್ದಾರೆ: ಕೈ ಬೀಸಿ. ಮೆಚ್ಚಿ ಹೊಡೆದಿರಬಹುದು.

ಮಗಳು ಕೀ ಕೇಳುತ್ತಿದ್ದಾಳೆ: ಬಟ್ಟೆ ಕೊಟ್ಟು ಚಕ್ರ ಒರೆಸಲು ಹೇಳಿ. ಒಂದಕ್ಕೆ ನೂರು ಕಡ್ಡಿ, ನಾಲ್ಕು ಚಕ್ರ. ಹಿಂದೆ ಹೊರಗಡೆ ಕೂರಿಸಿದ ಸ್ಟೆಪ್ನಿ ಇದ್ದರೆ ಐನೂರು. ಮುಗಿಸಿ ಬಂದು ಮತ್ತೆ ಕೇಳಿದರೆ ಕೊಟ್ಟುಬಿಡಿ.